ಹಾಲಕ್ಕಿಯ ಹಿಂದಿನ ಕಿಟಕಿ

ಬುಧವಾರ ಬೆಳಿಗ್ಗೆ ಕರಿಬೇವು ತರುವ ನೆಪ ಹೇಳಿ ಮನೆಯಿಂದ ಹೊರಟ ವರದರಾಜ ಎದುರು ಸಾಲಿನ ಮೂರನೆಯ ಮನೆಯ ಗೇಟಿನವರೆಗೆ ಹೋಗಿ, ಚಿಲಕಕ್ಕೆ ಕೈ ಹಾಕದೆ ಮುಂದೆ ನಡೆದುಬಿಟ್ಟ. ಹಾಗೆ ಮುಂದೆ ನಡೆದದ್ದು ಅದು ಎರಡನೆಯ ಸಲ. ಮೊದಲ ಸಲ ಗೇಟಿಗೆ ಅಡ್ಡವಾಗಿ ಹಸು ನಿಂತಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ಹಸುವೂ ಇರಲಿಲ್ಲ. ಐವತ್ತೆರಡು ವರ್ಷದ ಗಂಡಸು, ವಿಮಾ ಕಚೇರಿಯಲ್ಲಿ ಹದಿನೆಂಟು ಜನರ ಮೇಲಿನ ಅಧಿಕಾರಿ, ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ತುದಿಯಲ್ಲಿ ಮುಚ್ಚಿದ ಇಸ್ತ್ರಿ ಅಂಗಡಿಯ ಎದುರು ನಿಂತು, ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ಕಣ್ಣಂಚಿನಲ್ಲಿ ಹುಡುಕಿದ. ಮನುಷ್ಯರು ಯಾರೂ ಇರಲಿಲ್ಲ. ಮೂಲೆಮನೆಯ ಗೇಟಿನ ಮೇಲೆ ಒಂದು ಕ್ಯಾಮೆರಾ, ಡೈರಿಯ ಷಟರಿನ ಮೇಲೆ ಒಂದು, ಹೊಸ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಎರಡು. ಅವುಗಳಲ್ಲಿ ಮುಕ್ಕಾಲು ಪಾಲನ್ನು ಆರಿಸಿಕೊಟ್ಟವನು, ಏಣಿಯ ಕೆಳಗೆ ನಿಂತು ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಕೆಳಕ್ಕೆ ಎಂದು ಹೇಳಿ ಕೂರಿಸಿದವನು ಅವನೇ. ಯಾವುದರ ಕಣ್ಣು ಎಲ್ಲಿಯವರೆಗೆ ಹೋಗುತ್ತದೆ ಎಂದು ಅವನಿಗೆ ಬಾಯಿಪಾಠ. ಈ ಕ್ಷಣ ತಾನು ನಾಲ್ಕರಲ್ಲಿ ಮೂರಕ್ಕೆ ಕಾಣುತ್ತಿದ್ದೇನೆ, ಎರಡು ಸಲ ಅತ್ತಿಂದಿತ್ತ ಓಡಾಡಿದ ಗಂಡಸಾಗಿ ಮೂವತ್ತು ದಿನ ಅವುಗಳ ರೆಕಾರ್ಡಿಂಗ್ ಪೆಟ್ಟಿಗೆಗಳೊಳಗೆ ಉಳಿಯುತ್ತೇನೆ ಎಂಬುದು ಹೊಳೆದು ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ.

ಆ ರಸ್ತೆಯಲ್ಲಿ ಯಾರ ಫೋನು ಸತ್ತರೂ, ಯಾರ ಟಿವಿ ಮೂಕವಾದರೂ, ಮಗಳು ಕೊಡಿಸಿದ ವಾಚು ಯಾರ ಮಣಿಕಟ್ಟಿನಲ್ಲಿ ಸುಮ್ಮನೆ ನಡುಗತೊಡಗಿದರೂ ಜನ ಅವನನ್ನು ಕರೆಯುತ್ತಿದ್ದರು. ಅವನು ಹೋಗುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಸರಿಮಾಡುತ್ತಿದ್ದ, ಸರಿಮಾಡುವಾಗ ಅದು ಯಾಕೆ ಹಾಗಾಯಿತು ಎಂದು ಬೇಡವೆಂದರೂ ವಿವರಿಸುತ್ತಿದ್ದ. ರಸ್ತೆಯ ನಿವಾಸಿಗಳಿಗೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿದವನೂ ಅವನೇ. ಶನಿವಾರ ಸಂಜೆ ಅವನೊಂದು ಬ್ಲಾಗು ಬರೆಯುತ್ತಿದ್ದ. ಸಂಪಿನ ನೀರಿನ ಮಟ್ಟ ಹೇಳುವ ಸೆನ್ಸರು, ವಯಸ್ಸಾದವರ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಆಪ್‌ಗಳು, ಲಿಫ್ಟಿನೊಳಗೆ ಯಾಕೆ ಸಿಗ್ನಲ್ ಸಾಯುತ್ತದೆ, ಹಕ್ಕಿಗೆ ಫ್ಲಾಷ್ ಹಾಕಿದರೆ ಅದರ ಕಣ್ಣಿಗೆ ಏನಾಗುತ್ತದೆ, ಹೀಗೆ. ಮುನ್ನೂರು ಚಿಲ್ಲರೆ ಓದುಗರು. ಒಂದು ಸಲ ಬರೆದಿದ್ದ: ಯಂತ್ರ ಯಾರ ಪಕ್ಷವೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ, ನೋಡಲಾಗದವರು ಕಣ್ಣು ಮುಚ್ಚಿಕೊಳ್ಳಲಿ. ಆ ವಾಕ್ಯ ಅವನಿಗೇ ಬಹಳ ಹಿಡಿಸಿ ಹೆಂಡತಿ ಚೂಡಾಮಣಿಗೆ ಓದಿ ಹೇಳಿದ್ದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ, "ತೋರ್ಸೋದು ನೀವು ರೀ, ಯಂತ್ರ ಅಲ್ಲ," ಎಂದಿದ್ದಳು. ಅವಳಿಗೆ ಅರ್ಥವಾಗಿಲ್ಲ ಎಂದುಕೊಂಡಿದ್ದ.

ಚಿಲಕಕ್ಕೆ ಕೈ ಹಾಕಲಾಗದ ಆ ಮನೆ ಶೈಲಜಮ್ಮನದು. ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು. ಮದುವೆಯಾಗಲಿಲ್ಲ. ಈಗ ಎಪ್ಪತ್ತೊಂದು. ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ ಅಣ್ಣ ಸಿದ್ದಬಸಪ್ಪನವರ ಜೊತೆ ಆ ಕೆಂಪು ನೆಲದ ಹಳೆಯ ಮನೆಯಲ್ಲಿ ಇದ್ದರು. ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಸಿದ್ದಬಸಪ್ಪನವರಿಗೆ ಮರೆವು ಶುರುವಾಗಿದೆ ಎಂದು ರಸ್ತೆಗೆಲ್ಲ ಗೊತ್ತಿತ್ತು, ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಮನೆಯ ಕಾಂಪೌಂಡಿನಲ್ಲಿ ಒಂದು ಮಳೆಮರ. ಅದರ ಕಾಂಡದಲ್ಲಿ, ಆಳೆತ್ತರಕ್ಕಿಂತ ತುಸು ಮೇಲೆ ಒಂದು ಪೊಟರೆ. ಪೊಟರೆಯಲ್ಲಿ ಜನವರಿಯಿಂದ ಒಂದು ಜೋಡಿ ಹಾಲಕ್ಕಿ. ಅಂಗೈಯಗಲದ ಪುಟ್ಟ ಗೂಬೆಗಳು, ಬೆಳಗಿನ ಬಿಸಿಲಿಗೆ ಬಾಗಿಲಿಗೆ ಬಂದು ಒಂದು ಕಣ್ಣು ಮುಚ್ಚಿ ಕೂರುವಂಥವು. ವರದರಾಜನ ಮಹಡಿಯಿಂದ ಅವು ನೇರ ಕಾಣುತ್ತಿದ್ದವು. ಅವುಗಳ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಹಕ್ಕಿ ಫೋಟೋದವರ ಕೂಟದಲ್ಲಿ ಎಷ್ಟು ಕೇಳಿದರೂ ಮರ ಎಲ್ಲಿದೆ ಎಂದು ಹೇಳಿರಲಿಲ್ಲ. ಗೂಡಿನ ಜಾಗ ಹೇಳಿದರೆ ಹತ್ತು ಜನ ಬರುತ್ತಾರೆ, ಅವುಗಳ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುತ್ತಾರೆ, ಕೊಂಬೆ ಬಾಗಿಸುತ್ತಾರೆ, ಹೆದರಿದ ತಾಯಿ ಗೂಡು ಬಿಡುತ್ತದೆ. ಮರೆಯಲ್ಲಿ ಬದುಕುವ ಜೀವಕ್ಕೆ ಮರೆ ಉಳಿಸಿಕೊಡುವುದು ಛಾಯಾಗ್ರಾಹಕನ ಮೊದಲ ಧರ್ಮ ಎಂದು ಬ್ಲಾಗಿನಲ್ಲಿ ಬರೆದಿದ್ದ.

ಭಾನುವಾರ ಏಳು ಗಂಟೆಗೆ ಕೋಟೆ ಕಡೆಯಿಂದ ಬಿಸಿಲು ಓರೆಯಾಗಿ ಬಂದು ಪೊಟರೆಯ ಬಾಯಿಗೆ ಬಿದ್ದಾಗ ಎರಡು ಹಾಲಕ್ಕಿಗಳೂ ಒಟ್ಟಿಗೆ ಹೊರಗೆ ಕೂತಿದ್ದವು. ನೂರ ನಲವತ್ತು ಫೋಟೋ ತೆಗೆದ. ಒಳಗೆ ಬಂದು ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಒಂದನ್ನು ಆರಿಸಿ, ಗರಿಗಳು ಎದ್ದು ಕಾಣಲೆಂದು ಹೊಸದಾಗಿ ತರಿಸಿಕೊಂಡಿದ್ದ ಸಾಫ್ಟ್‌ವೇರಿಗೆ ಕೊಟ್ಟ. ಮಸುಕಾದ ಚಿತ್ರವನ್ನು ಅದು ಸ್ಫುಟ ಮಾಡುತ್ತದೆ. ಇಲ್ಲದ ವಿವರವನ್ನು ತಾನು ಕಲಿತ ಲಕ್ಷಾಂತರ ಚಿತ್ರಗಳಿಂದ ಊಹಿಸಿ ತುಂಬುತ್ತದೆ. ಗರಿಗಳು ಒಂದೊಂದಾಗಿ ಎದ್ದವು. ಗರಿಗಳ ಹಿಂದೆ, ಕಪ್ಪಗೆ ಇದ್ದ ಜಾಗದಲ್ಲಿ, ಕಿಟಕಿಯ ಸರಳುಗಳು ಎದ್ದವು. ಸರಳುಗಳ ಹಿಂದೆ ಕುರ್ಚಿ. ಕುರ್ಚಿಯಲ್ಲಿ ಬನಿಯನ್ ಹಾಕಿದ ಮುದುಕರು, ಹಣೆಯ ಮೇಲೆ ವಿಭೂತಿ. ಅವರ ಎದೆಯನ್ನೂ ಹೊಟ್ಟೆಯನ್ನೂ ಕುರ್ಚಿಗೆ ಸೇರಿಸಿ ಮೂರು ಸುತ್ತು ಹಗ್ಗ. ಹಗ್ಗದ ಹುರಿ ಕೂಡ ಎಣಿಸುವಂತೆ ಕಾಣುತ್ತಿತ್ತು. ಅವನು ಅದನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಆ ಹೊತ್ತಿನಲ್ಲಿ ತನ್ನ ಮನಸ್ಸಿಗೆ ಬಂದದ್ದು ಏನು ಎಂದು ಈ ಮೂರು ದಿನ ಅವನು ತನ್ನನ್ನೇ ಕೇಳಿಕೊಂಡಿದ್ದಾನೆ. ಅಯ್ಯೋ ಎಂದು ಬರಲಿಲ್ಲ. ಸಿದ್ದಬಸಪ್ಪನವರಿಗೆ ಏನಾಗಿದೆ ಎಂದು ಬರಲಿಲ್ಲ. ಅಷ್ಟು ಕತ್ತಲೆಯೊಳಗಿಂದ ಎಷ್ಟೆಲ್ಲ ಎಳೆದು ತಂದಿದೆಯಲ್ಲ ಎಂದು ಬಂದಿತ್ತು. ಆಮೇಲೆ ಅನುಮಾನ ಬಂದು ಮೂಲ ಚಿತ್ರ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದ. ಅದರಲ್ಲಿ ಹಗ್ಗವಿರಲಿಲ್ಲ. ಮಸುಕು ಹಸಿರಿನ ಅಗಲವಾದ ಪಟ್ಟಿ ಇತ್ತು, ಬಟ್ಟೆಯದು, ಮಡಿಸಿ ಸುತ್ತಿದ ಸೀರೆಯದು. ಸಾಫ್ಟ್‌ವೇರು ಅದನ್ನು ಹಗ್ಗವೆಂದು ಊಹಿಸಿ ಹುರಿ ಹೊಸೆದಿತ್ತು. ಕೆಲವು ಫೋನುಗಳು ತೆಗೆದ ಚಂದ್ರನ ಮೇಲೆ ತಾವೇ ಕಲೆಗಳನ್ನು ಬರೆಯುತ್ತವೆ ಎಂದು ಎರಡು ವರ್ಷದ ಹಿಂದೆ ಉದ್ದ ಲೇಖನ ಬರೆದು, ಅದನ್ನು ನಂಬಿ ಹಿಗ್ಗುವವರನ್ನು ಗೇಲಿ ಮಾಡಿದವನು ಅವನೇ ಅಲ್ಲವೇ.

ಚಿತ್ರದಿಂದ ಕಿಟಕಿಯನ್ನು ಕತ್ತರಿಸಬಹುದಿತ್ತು. ಕತ್ತರಿಸಿ ನೋಡಿದ. ಹಾಲಕ್ಕಿಗಳ ಹಿಂದೆ ಆ ಕಪ್ಪು ಇಲ್ಲದಿದ್ದರೆ ಚಿತ್ರ ಬಡವಾಗುತ್ತಿತ್ತು. ಯಾರು ಅಷ್ಟು ಒಳಗೆ ಇಣುಕುತ್ತಾರೆ ಎಂದುಕೊಂಡು, ಮೂಲೆಯಲ್ಲಿ ತನ್ನ ಹೆಸರು ಹಾಕಿ, ರಸ್ತೆಯ ಗುಂಪಿಗೆ ಕಳಿಸಿ, ಕೆಳಗೆ, ನಮ್ಮ ನೆರೆಹೊರೆಯವರು, ಎಲ್ಲಿ ಎಂದು ಮಾತ್ರ ಕೇಳಬೇಡಿ ಎಂದು ಬರೆದ. ಅರ್ಧ ಗಂಟೆ ಹೃದಯಗಳು, ಕೈಮುಗಿದ ಕೈಗಳು. ಆಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ಚಿದಂಬರ ಕೇಳಿದ್ದರು: ಹಿಂದೆ ಕಿಟಕಿಯಲ್ಲಿ ಯಾರನ್ನೋ ಕಟ್ಟಿಹಾಕಿದಾರಾ? ಹತ್ತು ನಿಮಿಷಕ್ಕೆ ಯಾರೋ ಆ ಭಾಗವನ್ನಷ್ಟೇ ಕತ್ತರಿಸಿ ಕೆಂಪು ವೃತ್ತ ಹಾಕಿದರು. ಅದರ ಕೆಳಗೆ ಒಬ್ಬೊಬ್ಬರದೂ ಒಂದೊಂದು ಸಾಲು: ಇದು ಶೈಲಜಾ ಮೇಡಂ ಮನೆಯ ಸರಳು. ಹಗ್ಗ ನೋಡ್ರೀ, ದನ ಕಟ್ಟೋ ಹಗ್ಗ. ಸ್ವಂತ ಅಣ್ಣನನ್ನ. ಟೀಚರ್ ಬೇರೆ. ವರದರಾಜ ಫೋನು ಹಿಡಿದು ಬಾಲ್ಕನಿಯಲ್ಲಿ ನಿಂತು, ಅದು ಹಗ್ಗವಲ್ಲ ಎಂದು ಬೆರಳಲ್ಲಿ ಬರೆದ. ಅಳಿಸಿದ. ಬರೆದರೆ, ಹಾಗಾದರೆ ನೀವು ಮೊದಲೇ ನೋಡಿದ್ದಿರಾ ಎಂದು ಕೇಳುತ್ತಾರೆ. ಮತ್ತೆ ಬರೆದ, ಮತ್ತೆ ಅಳಿಸಿದ. ಭಯದ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಒಪ್ಪಿಕೊಳ್ಳಲು ಅವನಿಗೆ ಮಂಗಳವಾರದವರೆಗೆ ಬೇಕಾಯಿತು: ಅಷ್ಟು ಜನ ತನ್ನ ಚಿತ್ರವನ್ನು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಚಿತ್ರ ತೆಗೆದುಹಾಕಿದ. ಅಷ್ಟರಲ್ಲಿ ಕೆಂಪು ವೃತ್ತ ಹನುಮಂತನಗರದ ಅವನ ಭಾವಮೈದುನನ ಫೋನಿಗೂ ತಲುಪಿ, ನಿಮ್ಮ ರಸ್ತೆಯೇನಾ ಇದು ಎಂದು ಅವನಿಗೇ ಮರಳಿ ಬಂದಿತ್ತು. ಸೋಮವಾರ ಹಿರಿಯರ ಸಹಾಯಕ್ಕೆಂದು ಇರುವ ಒಂದು ಸಂಸ್ಥೆಯವರು ಇಬ್ಬರು, ಜೊತೆಗೆ ಒಬ್ಬ ಮಹಿಳಾ ಪೇದೆ, ಆ ಗೇಟಿನ ಚಿಲಕ ತೆಗೆದು ಒಳಗೆ ಹೋದರು. ಆ ಮನೆಗೆ ಎದುರಾದ ಬಾಲ್ಕನಿಗಳೆಲ್ಲ ತುಂಬಿದ್ದವು. ಅವನ ಬಾಲ್ಕನಿ ಮಾತ್ರ ಖಾಲಿ. ಅವನು ಪರದೆಯ ಹಿಂದೆ ಇದ್ದ.

ನಿನ್ನೆ ರಾತ್ರಿ ಊಟಕ್ಕೆ ಬಡಿಸುತ್ತ ಚೂಡಾಮಣಿ, "ಹೋಗಿ ಹೇಳ್ಬಿಟ್ ಬನ್ನಿ," ಎಂದಿದ್ದಳು.

"ಏನು ಹೇಳೋದು?"

"ನನ್ನ ಕೇಳ್ತೀರಲ್ಲ. ಮೂರು ದಿನದಿಂದ ಸಾರಿಗೆ ಉಪ್ಪು ಹಾಕಿಲ್ಲ ಅಂತಾನೂ ಗೊತ್ತಾಗ್ತಿಲ್ಲ ನಿಮಗೆ."

ಅದು ನೆನಪಾಗಿ ಇಸ್ತ್ರಿ ಅಂಗಡಿಯಿಂದ ಹಿಂದಿರುಗಿದ. ಗೇಟಿನ ಬಳಿ ಕಾಲು ಮತ್ತೆ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಜಗಲಿಯಿಂದ ದನಿ ಬಂತು.

"ವರದರಾಜ! ಮೂರು ಸಲ ಆಯ್ತು ಅತ್ಲಿಂದಿತ್ಲಾಗೆ. ಪೊಲೀಸ್ ಬೀಟ್ ಹಾಕ್ಸಿದಾರೇನು ನಿಂಗೆ? ಒಳಗೆ ಬಾ."

ಮೂವತ್ತೆಂಟು ವರ್ಷದ ಹಿಂದೆ ತರಗತಿಯ ಕೊನೆಯ ಬೆಂಚಿನಿಂದ ಎಬ್ಬಿಸುತ್ತಿದ್ದ ಅದೇ ದನಿ. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಮಿಸ್," ಎಂದ. ಶೈಲಜಮ್ಮ ಕುಗ್ಗಿದ್ದರು. ಹತ್ತಿ ಸೀರೆ ಮುದುರಿತ್ತು, ಕೂದಲು ಎಣ್ಣೆಗಟ್ಟಿತ್ತು. ಹಜಾರದಲ್ಲಿ ಸಿದ್ದಬಸಪ್ಪನವರು ನಿಂತಿದ್ದರು. ಕಟ್ಟಿಲ್ಲ. ಕಿಟಕಿಯ ಸರಳನ್ನು ಒಂದೊಂದಾಗಿ ಮುಟ್ಟುತ್ತ ಏನೋ ಹುಡುಕುತ್ತಿದ್ದರು. ಕಿಟಕಿಗೆ ಈಗ ದಪ್ಪ ದುಪ್ಪಟಿ ಇಳಿಬಿಟ್ಟಿತ್ತು. ಹೊರಗಿನ ಮರ ಕಾಣುತ್ತಿರಲಿಲ್ಲ.

"ಫೋಟೋ ವಿಷಯಕ್ಕೆ ಬಂದಿದೀಯ ಅಂತ ಗೊತ್ತು," ಎಂದರು ಶೈಲಜಮ್ಮ, ಅವನು ಬಾಯಿ ತೆರೆಯುವ ಮೊದಲೇ. "ಮೂಲೇಲಿ ನಿನ್ನ ಹೆಸರು ಹಾಕ್ಕೊಂಡಿದೀಯಲ್ಲ, ಬಾಲ ಗೀಲ ಎಳೆದು. ಆ ಪೇದೆ ತೋರ್ಸಿದ್ಳು. ನಾನು ಅವಳಿಗೂ ಅದೇ ಹೇಳ್ದೆ, ನಮ್ಮ ಹುಡುಗನೇ ಅಮ್ಮಾ, ಹಕ್ಕಿ ತೆಗೆಯೋಕೆ ಹೋಗಿದಾನೆ, ನಾವು ಮಧ್ಯೆ ಬಂದಿದೀವಿ ಅಂತ."

ಹೇಳಬೇಕೆಂದು ಮೂರು ದಿನದಿಂದ ಜೋಡಿಸಿಕೊಂಡಿದ್ದ ಮಾತುಗಳ ಬಾಗಿಲನ್ನು ಅವರು ಅಷ್ಟು ಸಲೀಸಾಗಿ ಮುಚ್ಚಿಬಿಟ್ಟರು. ಕ್ಷಮೆ ಕೇಳುವ ಮೊದಲೇ ಸಿಕ್ಕಿತ್ತು, ಅದೂ ಮಾಡದ ತಪ್ಪಿಗೆ. ಮಾಡಿದ ತಪ್ಪು ಅಂಗೈಯಲ್ಲೇ ಉಳಿಯಿತು. ಹೂಂ ಎಂದರೆ ಸಾಕಿತ್ತು. ಎದ್ದು ಮನೆಗೆ ಹೋಗಿ ಚೂಡಾಮಣಿಗೆ ಹೇಳಿ ಬಂದೆ ಎನ್ನಬಹುದಿತ್ತು. ಅವನು ಹೂಂ ಎಂದ.

"ಅವರೇನೂ ಕೆಟ್ಟವರಲ್ಲ, ಬಂದವರು," ಶೈಲಜಮ್ಮ ಮುಂದುವರಿಸಿದರು. ಹೇಳಿಕೊಳ್ಳಲು ಯಾರೂ ಸಿಕ್ಕಿರಲಿಲ್ಲವೆಂದು ಕಾಣುತ್ತಿತ್ತು. "ಅಣ್ಣನ್ನ ಕೇಳಿದ್ರು, ಅಜ್ಜಾ, ಇವ್ರು ನಿಮ್ಮನ್ನ ಹೊಡೀತಾರಾ ಅಂತ. ಇವನು, ಹೂಂ, ದಿನಾ ಹೊಡೀತಾಳೆ, ಸೌಟಲ್ಲಿ ಹೊಡೀತಾಳೆ ಅಂದ. ನಮ್ಮಮ್ಮ ಬಸವಮ್ಮ ಹೊಡೀತಿದ್ರು ಇವನ್ನ, ಚಿಕ್ಕೋನಿದ್ದಾಗ. ಅದು ಹೇಳ್ತಿದಾನೆ. ನಾನು ಹೇಗೆ ವಿವರಿಸ್ಲಿ? ಬರ್ಕೊಂಡ್ರು." ನಕ್ಕರು. ನಗು ಅರ್ಧಕ್ಕೆ ನಿಂತಿತು. "ಇನ್ನು ಕಟ್ಟಬಾರ್ದು ಅಂತ ಹೇಳಿ ಹೋದ್ರು. ಸರಿ, ಕಟ್ಟಲ್ಲ. ಆದ್ರೆ ನಾನು ಸ್ನಾನ ಮಾಡ್ಬೇಕಲ್ಲ? ಇಪ್ಪತ್ತು ನಿಮಿಷ, ಅಷ್ಟಕ್ಕೇ ಕಟ್ತಿದ್ದೆ. ಹೋದ ತಿಂಗಳು ನಾನು ಬಚ್ಚಲಲ್ಲಿದ್ದಾಗ ಹೊರಟು ಮಾರ್ಕೆಟ್ ಮುಟ್ಟಿಬಿಟ್ಟಿದ್ದ. ಬರಿಗಾಲಲ್ಲಿ, ಬಸ್ಸುಗಳ ಮಧ್ಯೆ. ಹೂವಿನೋಳೊಬ್ಳು ಕೂರಿಸ್ಕೊಂಡಿದ್ಳು. ಸೋಮವಾರದಿಂದ ನಾನು ಸ್ನಾನ ಮಾಡಿಲ್ಲ. ಸ್ನಾನ ಇಲ್ಲದೆ ಲಿಂಗಪೂಜೆ ಇಲ್ಲ, ಪೂಜೆ ಇಲ್ಲದೆ ಬಾಯಿಗೆ ಅನ್ನ ಇಡೋದು ನಂಗೆ ಅಭ್ಯಾಸ ಇಲ್ಲ. ಹಾಲು ಕುಡಿದು ಇದೀನಿ."

"ಹೋಗಿ ಮಿಸ್. ನಾನು ಕೂತಿರ್ತೀನಿ," ಎಂದ.

ಅವರು ಒಂದು ಕ್ಷಣ ಅವನ ಮುಖ ನೋಡಿ, ಟವೆಲು ತೆಗೆದುಕೊಂಡು ಒಳಗೆ ಹೋದರು. ಬಚ್ಚಲಿನಲ್ಲಿ ತಂಬಿಗೆಯ ಸದ್ದು ಶುರುವಾಯಿತು. ಸಿದ್ದಬಸಪ್ಪನವರು ಸರಳು ಬಿಟ್ಟು ತಿರುಗಿ, ಇವನನ್ನು ಆಗಷ್ಟೇ ಕಂಡವರಂತೆ, "ಯಾರಪ್ಪಾ? ಕನಕಪುರದೋರಾ?" ಎಂದರು. ಎದುರು ಮನೆಯವನು ಎಂದ. "ಅಂಗಡಿ ಹೊತ್ತಾಯ್ತು. ದೇವಯ್ಯ ಬೀಗದ ಕೈಗೆ ಕಾಯ್ತಿರ್ತಾನೆ." ದೇವಯ್ಯ ಅಂಗಡಿಯಲ್ಲಿ ಇದ್ದ ಆಳು, ಸತ್ತು ಹತ್ತು ವರ್ಷ. ವರದರಾಜ ಫೋನು ತೆಗೆದು ಹಳೆಯ ಪೇಟೆಯ ಬೀದಿಗಳ ವಿಡಿಯೋ ಹುಡುಕಿ ಮುಂದೆ ಹಿಡಿದ. ಇಂಥದ್ದಕ್ಕೆ ಇದು ಒಳ್ಳೆಯದು, ಮರೆವಿನವರು ಹಳೆಯ ಚಿತ್ರ ನೋಡಿ ಶಾಂತರಾಗುತ್ತಾರೆ ಎಂದು ತಾನೇ ಒಮ್ಮೆ ಬರೆದಿದ್ದ. ಅವರು ಎರಡು ಕ್ಷಣ ನೋಡಿ, "ಕಣ್ಣು ಕುಕ್ಕುತ್ತೆ, ಆರ್ಸು ಅದನ್ನ," ಎಂದರು. ಇವತ್ತು ಅಂಗಡಿ ರಜ ಎಂದ. ನಿಮ್ಮಪ್ಪನ ಅಂಗಡಿಯೇನು ರಜ ಕೊಡೋಕೆ ಎಂದರು. ಬಾಗಿಲಿಗೆ ಅಡ್ಡ ನಿಂತ. ಅವರು ಅವನನ್ನು ಪಕ್ಕಕ್ಕೆ ತಳ್ಳಿದರು. ಎಪ್ಪತ್ತೆಂಟರ ಆ ತೋಳಿನಲ್ಲಿ, ಹಿತ್ತಾಳೆ ಹಂಡೆಗಳನ್ನು ಎತ್ತಿ ಇಳಿಸಿದ ತೋಳಿನಲ್ಲಿ, ಅಷ್ಟು ಬಲ ಉಳಿದಿರಬಹುದೆಂದು ಅವನು ಎಣಿಸಿರಲಿಲ್ಲ. ಗೋಡೆಗೆ ಬೆನ್ನು ತಾಗಿತು. ಕುರ್ಚಿಯ ತೋಳಿನ ಮೇಲೆ ಮಡಿಸಿಟ್ಟ ಹಸಿರು ಸೀರೆ ಇತ್ತು. ಅದು ತನ್ನ ಕೈಗೆ ಬಂದದ್ದು ಅವನಿಗೆ ಆಮೇಲೆ ತಿಳಿಯಿತು. ಎಷ್ಟೋ ಸಲ ಒಗೆದು ಮಗುವಿನ ಬಟ್ಟೆಯಂತೆ ಮೆತ್ತಗಾಗಿತ್ತು. ಹಿಂದಿನಿಂದ ಒಂದು ಸುತ್ತು ಹಾಕಿದರೆ ಸಾಕಿತ್ತು, ಬಚ್ಚಲಿನ ಸದ್ದು ನಿಲ್ಲುವವರೆಗೆ. ಅವನ ಕಣ್ಣು ಕಿಟಕಿಯ ದುಪ್ಪಟಿಯ ಕಡೆ ಹೋಯಿತು, ಎಲ್ಲಾದರೂ ಸಂದು ಇದೆಯೇ ಎಂದು. ಸೀರೆಯನ್ನು ಮರಳಿ ಇಟ್ಟ. ಇಟ್ಟದ್ದು ಕರುಣೆಯಿಂದಲೋ, ಯಾರಾದರೂ ಕಂಡಾರೆಂಬ ಅಂಜಿಕೆಯಿಂದಲೋ, ಅವನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸಿದ್ದಬಸಪ್ಪನವರು ಗೇಟು ದಾಟಿದ್ದರು.

"ಮಿಸ್, ನಾವು ಹೊರಗೆ ಹೋಗ್ತಿದೀವಿ!" ಎಂದು ಬಚ್ಚಲಿನ ಕಡೆ ಕೂಗಿ ಓಡಿದ.

ಅವರು ವೇಗವಾಗಿ ನಡೆಯುತ್ತಿದ್ದರು. ಎಳೆದು ನಿಲ್ಲಿಸಲು ಹೋದರೆ ಕೊಡವುತ್ತಿದ್ದರು. ಪಕ್ಕದಲ್ಲಿ ನಡೆದರೆ ಸುಮ್ಮನಿದ್ದರು. ಹಾಗಾಗಿ ಅವನು ಪಕ್ಕದಲ್ಲಿ ನಡೆದ. ಕೈ ಹಿಡಿದ. ಅವರು ಬಿಡಿಸಿಕೊಳ್ಳಲಿಲ್ಲ. ದೊಡ್ಡ ರಸ್ತೆಯ ಕಡೆಯಿಂದ ಬಸ್ಸುಗಳ ಹಾರನ್ ಕೇಳುತ್ತಿತ್ತು. ಎಷ್ಟೋ ವರ್ಷದಿಂದ ಈ ರಸ್ತೆಯನ್ನು ಅವನು ಮಹಡಿಯಿಂದ, ಲೆನ್ಸಿನಿಂದ, ಕ್ಯಾಮೆರಾಗಳ ಪರದೆಯಿಂದ ನೋಡಿದ್ದ. ಬರಿಗಾಲಿನ ಮುದುಕರೊಬ್ಬರ ಕೈ ಹಿಡಿದು ನಡೆದಿರಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ತಾನೂ ಮರೆತಿದ್ದೇನೆಂದು ಜಲ್ಲಿಕಲ್ಲು ಚುಚ್ಚಿದಾಗ ತಿಳಿಯಿತು. ಮೂಲೆಯಲ್ಲಿ ಚಿದಂಬರ ಪೇಪರು ಮಡಿಸಿಕೊಂಡು ಬರುತ್ತಿದ್ದರು. ನಿಂತರು.

"ಏನ್ ವರದರಾಜ್, ಇವ್ರನ್ನ ಹೊರಗೆ ಬಿಟ್ಟಿದಾರಾ? ಪಾಪ. ನಮ್ಮ ಗ್ರೂಪಿಂದ ಒಂದು ಒಳ್ಳೆ ಕೆಲಸ ಆಯ್ತು ನೋಡಿ. ನಿಮ್ಮ ಫೋಟೋ ಇಲ್ದಿದ್ರೆ..."

"ಅದು ಹಗ್ಗ ಅಲ್ಲ," ಎಂದ ವರದರಾಜ. ದನಿ ತನಗೇ ಜೋರಾಗಿ ಕೇಳಿತು. ಡೈರಿಯ ಮುಂದೆ ಇದ್ದವರು ತಿರುಗಿದರು. "ಹಳೇ ಸೀರೆ. ಸಾಫ್ಟ್‌ವೇರು ಹಗ್ಗ ಮಾಡ್ತು. ನಂಗೆ ಭಾನುವಾರ ಬೆಳಿಗ್ಗೇನೇ ಗೊತ್ತಿತ್ತು. ಫೋಟೋ ಹಾಕೋಕೆ ಮುಂಚೇನೇ."

ಚಿದಂಬರ ಕನ್ನಡಕ ಸರಿಮಾಡಿಕೊಂಡರು. "ಅಲ್ಲಾ ಸ್ವಾಮಿ, ಹಾಗಾದ್ರೆ ಅವತ್ತು ಯಾಕೆ ಸುಮ್ನಿದ್ರಿ? ಬೆಳಗಿಂದ ಸಂಜೆವರ್ಗೂ ನಾವೆಲ್ಲ..."

ಕೈಯೊಳಗಿನ ಕೈ ಒಮ್ಮೆಲೇ ಬಿಗಿಯಾಯಿತು. ಸಿದ್ದಬಸಪ್ಪನವರು ನಿಂತುಬಿಟ್ಟಿದ್ದರು. ಅವರ ಪಂಚೆಯ ಮುಂಭಾಗ ನೆನೆದು ಕಪ್ಪಾಗುತ್ತಿತ್ತು. ಕಾಲ ಬಳಿ ಸಣ್ಣ ಹರಿವು ರಸ್ತೆಯ ಇಳಿಜಾರು ಹುಡುಕಿಕೊಂಡು ಹೋಗುತ್ತಿತ್ತು. ಅವರು ಅದನ್ನು ನೋಡಿದರು. ಅವರಿಗೆ ಗೊತ್ತಾಯಿತು. ದೇವಯ್ಯ ಸತ್ತದ್ದು ಗೊತ್ತಿಲ್ಲದವರಿಗೆ, ಅಂಗಡಿ ಮುಚ್ಚಿದ್ದು ಗೊತ್ತಿಲ್ಲದವರಿಗೆ, ನಾಲ್ಕು ಜನರ ಮುಂದೆ ಏನಾಯಿತೆಂಬುದು ಮಾತ್ರ ಸ್ಪಷ್ಟವಾಗಿ ಗೊತ್ತಾಗಿ, ಮುಖ ಅಳುವ ಮಗುವಿನಂತೆ ಮುದುಡಿತು. ವರದರಾಜ ತನ್ನ ಮೇಲಂಗಿಯ ಗುಂಡಿ ಬಿಚ್ಚಿ, ಅದನ್ನು ಅವರ ಸೊಂಟಕ್ಕೆ ಸುತ್ತಿ ತೋಳುಗಳನ್ನು ಗಂಟು ಹಾಕಿದ. ಬನಿಯನ್ನಿನಲ್ಲಿ, ಬೊಜ್ಜು ಹೊಟ್ಟೆಯಲ್ಲಿ, ಬರಿಗಾಲಲ್ಲಿ, ತನ್ನ ಕ್ಯಾಮೆರಾಗಳೆಲ್ಲದರ ಮುಂದೆ ನಿಂತ. ಚಿದಂಬರ ಪೇಪರನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿ, ಬೇರೆ ಕಡೆ ನೋಡಿದರು.

ಶೈಲಜಮ್ಮ ಬಂದರು. ತಲೆಗೆ ಟವೆಲು, ಕುತ್ತಿಗೆಯಿಂದ ನೀರು ಇಳಿಯುತ್ತಿತ್ತು. ಓಡಿಬಂದವರ ಉಸಿರು ತೋರಗೊಡದೆ ಅಣ್ಣನ ಇನ್ನೊಂದು ಕೈ ಹಿಡಿದರು. "ಅಣ್ಣಾ, ದೇವಯ್ಯ ಫೋನ್ ಮಾಡಿದ್ದ. ಅಂಗಡಿ ಮಧ್ಯಾಹ್ನ ತೆಗೀತಾನಂತೆ. ತಿಂಡಿ ತಿಂದು ಬನ್ನಿ ಅಂದ."

"ಅಂದನಾ?" ಎಂದು ಸಿದ್ದಬಸಪ್ಪನವರು ಕೂಡಲೇ ಮನೆಯ ಕಡೆ ತಿರುಗಿದರು. ಮೂವರೂ ಕೈ ಹಿಡಿದು ಹಿಂದಕ್ಕೆ ನಡೆದರು.

ಜಗಲಿ ಹತ್ತುವಾಗ ವರದರಾಜ ನಿಂತ. "ಮಿಸ್. ನೀವು ಆಗ ಹೇಳಿದ್ದು ಸರಿ ಅಲ್ಲ. ನೀವು ಮಧ್ಯೆ ಬರ್ಲಿಲ್ಲ. ನಾನು ನೋಡಿದ್ದೆ. ದೊಡ್ಡದು ಮಾಡಿ ನೋಡಿದ್ದೆ. ಅದು ಸೀರೆ ಅಂತಾನೂ ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ, ಆಮೇಲೆ ಗೊತ್ತಿದ್ದೂ ಸುಮ್ನಿದ್ದೆ."

ಅವರು ಟವೆಲು ಬಿಚ್ಚಿ ಕೂದಲು ಹಿಂಡಿದರು. ನೀರು ಕಲ್ಲಿನ ಮೇಲೆ ಬಿತ್ತು. ಇನ್ನೊಮ್ಮೆ ಹಿಂಡಿದರು, ಹಿಂಡಲು ಏನೂ ಉಳಿದಿರಲಿಲ್ಲ. ಅವರ ಮುಖದಿಂದ, ಈ ಬೆಳಿಗ್ಗೆ ಅವನಿಗೆಂದು ಅಲ್ಲಿದ್ದ ಸಲುಗೆಯೆಲ್ಲ ಮೆಲ್ಲಗೆ ಹಿಂದೆ ಸರಿಯಿತು.

"ಎಷ್ಟು ಹೆಜ್ಜೆ ನಿನ್ನ ಮನೆಯಿಂದ?" ಎಂದರು.

"ನಲವತ್ತು ಇರ್ಬೋದು, ಮಿಸ್."

"ನೋಡ್ದೆ. ನಲವತ್ತು ಹೆಜ್ಜೆ ಬಂದು ಏನಾಯ್ತು ಮಿಸ್ ಅಂತ ಕೇಳ್ಲಿಲ್ಲ."

"ಇಲ್ಲ."

"ಹೂಂ."

"ಗ್ರೂಪಲ್ಲಿ ಬರೀತೀನಿ. ಮೂಲ ಫೋಟೋನೂ ಹಾಕ್ತೀನಿ, ಎಲ್ರಿಗೂ ಗೊತ್ತಾಗ್ಲಿ ಅದು..."

"ಬೇಡ," ಎಂದರು ತಟ್ಟನೆ. "ನಮ್ಮನೆ ಕಿಟಕಿ ಇನ್ನೊಂದ್ಸಲ ಅಲ್ಲಿ ಬರೋದು ಬೇಡ. ನೀನೇನು ಮಾಡ್ದೆ ಅನ್ನೋದಷ್ಟೇ ಬರಿ." ಒಳಗೆ ಹೋಗುತ್ತ ಹೊಸ್ತಿಲಲ್ಲಿ ತಿರುಗಿದರು. "ಕ್ಷಮೆ ಗಿಮೆ ಅಂತ ನನ್ನ ಹತ್ರ ಕೇಳ್ಬೇಡ, ಈಗ ಆಗಲ್ಲ ನಂಗೆ. ನೋಡಿದ್ದು ನೋಡಾಯ್ತಲ್ಲ, ನಾಳೆಯಿಂದ ಬಂದು ನೋಡ್ಕೋ. ಎಂಟು ಗಂಟೆಗೆ. ಇಪ್ಪತ್ತು ನಿಮಿಷ."

ಅವನು ತಲೆಯಾಡಿಸಿದ. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಜಗಲಿಯಲ್ಲೇ ಇದ್ದ. ಒಳಗಿನಿಂದ ಸಿದ್ದಬಸಪ್ಪನವರು ಬೇಡ ಬೇಡ ಎನ್ನುವುದು, ಶೈಲಜಮ್ಮ ಮೆಲ್ಲಗೆ ಏನೋ ಹೇಳುವುದು, ಕೊಡದ ನೀರು ಬಗ್ಗಿಸುವುದು ಕೇಳುತ್ತಿತ್ತು. ಆಮೇಲೆ, "ವರದರಾಜ, ಅಲ್ಲೇನ್ ನಿಂತಿದೀಯ? ಬಂದು ಈ ಕಡೆ ಹಿಡ್ಕೋ, ಜಾರ್ತಾನೆ," ಎಂದು ದನಿ ಬಂತು. ಹೋದ. ಹಿತ್ತಿಲ ಬಾಗಿಲ ಬಳಿ ಮುದುಕರು ಬರಿಮೈಯಲ್ಲಿ ನಿಂತಿದ್ದರು. ಸಣಕಲು ಕಾಲುಗಳು, ಜೋತ ಚರ್ಮ, ಕೊರಳಿನ ಲಿಂಗದ ಕರಡಿಗೆಯೊಂದೇ ಮೈಮೇಲೆ. ಅವನು ಅಭ್ಯಾಸದಿಂದ ಮುಖ ತಿರುಗಿಸಿದ. ತಿರುಗಿಸಿದರೆ ಹಿಡಿಯಲಾಗುವುದಿಲ್ಲ. ಮತ್ತೆ ಇತ್ತ ತಿರುಗಿದ. ಶೈಲಜಮ್ಮ ಕೊಟ್ಟ ಒದ್ದೆ ಬಟ್ಟೆಯಿಂದ ಆ ಕಾಲುಗಳನ್ನು ತೊಡೆಯಿಂದ ಪಾದದವರೆಗೆ ಒರೆಸಿದ, ಬೆರಳ ಸಂದುಗಳನ್ನು ಒರೆಸಿದ, ಒಗೆದ ಚಡ್ಡಿಯನ್ನು ಕಾಲಿಗೆ ಒಡ್ಡಿ ಬಗ್ಗಿದ. ಕಾಲೆತ್ತಲು ಆಸರೆ ಬೇಕಾಗಿ ಸಿದ್ದಬಸಪ್ಪನವರು ಅಂಗೈಯನ್ನು ಅವನ ನಡುನೆತ್ತಿಯ ಮೇಲೆ ಊರಿದರು. ಇಡೀ ಮೈಯ ಭಾರ ಅದರಲ್ಲಿ ಇತ್ತು. ಕುತ್ತಿಗೆ ನೋಯತೊಡಗಿತು. ಆ ಕೈ ತಾನಾಗಿ ಮೇಲೇಳುವವರೆಗೆ ಅವನು ಅಲುಗಲಿಲ್ಲ.